ಎರಡು ಚಿಮಣಿ ಒಂದಾಗುವ ತನಕ

ಬಹಳ ವರ್ಷಗಳ ಹಿಂದಿನ ಒಂದು ಬೇಸಗೆ. ಕಾಗಲದ ಮಾಳಿಗೆಯೊಂದರ ಮೇಲೆ ನೆರೆದವರೆಲ್ಲ ಕತ್ತನ್ನು ಹಿಂದಕ್ಕೆ ಚೆಲ್ಲಿ ಮುಗಿಲನ್ನೇ ದಿಟ್ಟಿಸುತ್ತಿದ್ದರು. ಅಂದು ಪಾರಿವಾಳ ಹಾರಿಸುವ ಪಂದ್ಯ. ಎಲ್ಲಕ್ಕಿಂತ ಹೆಚ್ಚು ಹೊತ್ತು ಮುಗಿಲಲ್ಲಿದ್ದು ತನ್ನ ಗೂಡಿಗೇ ಮರಳಿದ ಹಕ್ಕಿಗೆ ಗೆಲುವು; ನಡುವೆ ತೀರ್ಪು ಕೊಡುವ ಪಂಚರ ಕಣ್ಣಿಗೆ ಬೀಳದೆ ಹೋದರೆ ಸೋಲು. ಊರಿನ ಲಾರಿ ಚಾಲಕನೊಬ್ಬನ ಬಿಳಿಯ ಪಾರಿವಾಳ ಏರುತ್ತ ಏರುತ್ತ ಸಾಸಿವೆಕಾಳಿನಷ್ಟಾಗಿತ್ತು. ಹೊತ್ತು ನೆತ್ತಿಗೆ ಬಂದಾಗ ಎಲ್ಲಿಂದಲೋ ಒಂದು ಗಿಡುಗ ಬಂತು. ನೋಡನೋಡುತ್ತಿದ್ದಂತೆ ಎರಡು ಚುಕ್ಕೆಗಳು ಒಂದಾದವು. ಹಿರಿಯ ಪಂಚರು ತಮ್ಮ ಒಂಟಿ ಕೊಳವೆಯ ಹಿತ್ತಾಳೆ ದುರ್ಬೀನನ್ನು ಕೆಳಗಿಳಿಸಿ, "ಮುಗೀತು. ಗಿಡಗ ಒಯ್ತು" ಎಂದರು. ಚಾಲಕ ತಲೆಯ ಮೇಲೆ ಕೈಯಿಟ್ಟುಕೊಂಡು ಕುಳಿತ.

ಆಗ ಮೂಲೆಯಿಂದ ಒಂದು ದನಿ: "ಇಲ್ರಿ. ಗಿಡಗ ಭಾಳ ಹಿಂದ ಐತಿ. ಎರಡರ ನಡುವ ಒಂದ ಊರ ಹಿಡಸೂವಷ್ಟ ಜಾಗಾ ಐತಿ."

ಹಾಗೆಂದವನು ಇಚಲಕರಂಜಿಯ ಮಗ್ಗದ ಕೆಲಸಗಾರ, ಮೀಸೆ ಆಗಷ್ಟೇ ಮೂಡಿದ ತರುಣ ಸತ್ಯಪ್ಪ. ಅವನ ಕೈಯಲ್ಲಿದ್ದದ್ದು ಮಗ್ಗದ ನೂಲಿನಿಂದ ಬಿಗಿದು ಕಟ್ಟಿದ ಜೋಡಿ ಕೊಳವೆಯ ದುರ್ಬೀನು. ಜನ ನಕ್ಕರು. ಸಂಜೆ ಬಿಸಿಲು ಹಳದಿಯಾಗುವ ಹೊತ್ತಿಗೆ ಆ ಪಾರಿವಾಳ ಒಂದು ಗರಿಯೂ ಕೊಂಕದಂತೆ ಬಂದು ಗೂಡಿನ ಮೇಲೆ ಕುಳಿತಾಗ ನಗು ನಿಂತಿತು. ಹಿರಿಯ ಪಂಚರು ತಮ್ಮ ಹಿತ್ತಾಳೆಯ ಕೊಳವೆಯನ್ನು ಪಕ್ಕಕ್ಕಿಟ್ಟು, "ನಿಂದು ಇತ್ತ ತಾರಪಾ, ನೋಡೂಣು" ಎಂದು ಕೈ ನೀಡಿದರು. ಅಂದಿನಿಂದ ಈ ಸೀಮೆಯ ಪಂದ್ಯಗಳಲ್ಲಿ ಪಂಚರ ಕೊರಳಿಗೆ ಜೋಡಿ ಕೊಳವೆಯೇ ಬಂತು.

ಆ ದುರ್ಬೀನನ್ನು ಸತ್ಯಪ್ಪ ಕೊಂಡದ್ದು ಕೊಲ್ಹಾಪುರದ ಹಳೆಯ ಸಾಮಾನಿನ ಗುಡ್ಡೆಯಿಂದ. ಎಡಗೊಳವೆ ಮುರಿದ ರೆಕ್ಕೆಯಂತೆ ಜೋತುಬಿದ್ದಿತ್ತು. ಅದರೊಳಗಿನ ಮೂರು ಮೂಲೆಯ ಗಾಜನ್ನು ಸರಿಪಡಿಸುವ ವಿದ್ಯೆಯನ್ನು ಯಾರೂ ಅವನಿಗೆ ಹೇಳಿಕೊಡಲಿಲ್ಲ. ಮಗ್ಗದ ಪಾಳಿ ಮುಗಿಸಿ ಬಂದು, ಊರಾಚೆಯ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ನೋಡುತ್ತ ತಿರುಪು ತಿರುಗಿಸುವುದು. ಒಂದು ಚಿಮಣಿ ಎರಡಾಗಿ ಕಾಣುವುದು. ಇನ್ನಷ್ಟು ತಿರುಗಿಸಿದರೆ ಪಾಲು ಕೇಳಿದ ಅಣ್ಣತಮ್ಮಂದಿರಂತೆ ಎರಡೂ ದೂರ ಸರಿಯುವುದು. ಕಬ್ಬು ನುರಿಯುವ ಒಂದು ಹಂಗಾಮು ಪೂರ್ತಿ ಕಳೆದ ಮೇಲೆ ಒಂದು ಬೆಳಗ್ಗೆ ಎರಡು ಚಿಮಣಿಗಳೂ ಒಂದಾದವು.

ಇಂದಿಗೂ ಸತ್ಯಪ್ಪನವರ ದಿನ ಆರಂಭವಾಗುವುದು ಅದೇ ಚಿಮಣಿಯಿಂದ. ಇಚಲಕರಂಜಿಯ ಓಣಿಗಳಲ್ಲಿ ಮಗ್ಗಗಳು ಖಟಖಟಿಸುತ್ತಿವೆ. ಮೂಡಲು ಕೆಂಪಾಗುವ ಹೊತ್ತಿಗೆ ಅವರು ಟವೆಲಿನಲ್ಲಿ ಸುತ್ತಿದ ದುರ್ಬೀನನ್ನು ಕೂಸಿನಂತೆ ಎತ್ತಿಕೊಂಡು ಮಾಳಿಗೆ ಹತ್ತುತ್ತಾರೆ. ಕಟ್ಟೆಯ ಮೇಲಿನ ಮರದ ಕವೆಗೆ ಅದನ್ನು ಸೈಕಲ್ಲಿನ ಟ್ಯೂಬಿನಿಂದ ಕಟ್ಟುತ್ತಾರೆ. ಹೊಗೆ ಏಳುವ ಮುನ್ನ, ಗಾಳಿ ಕಾಯುವ ಮುನ್ನ, ಚಿಮಣಿಯ ಅಂಚು ಚೊಕ್ಕವಾಗಿ ಕಾಣುವುದು ಈ ಸ್ವಲ್ಪ ಹೊತ್ತು ಮಾತ್ರ. ಕಸುಬೆಲ್ಲ ಅಷ್ಟರಲ್ಲೇ ನಡೆಯಬೇಕು.

ಮಗ್ಗವನ್ನು ಬಿಟ್ಟು ಇದನ್ನೇ ಹೊಟ್ಟೆಪಾಡಾಗಿಸಿಕೊಂಡು ಎಷ್ಟೋ ವರ್ಷವಾಯಿತು. ಅಂಗಡಿಯಿಲ್ಲ, ಫಲಕವಿಲ್ಲ. ಆದರೂ ಕೊಲ್ಹಾಪುರದ ಪಾರಿವಾಳದವರು ಹುಡುಕಿಕೊಂಡು ಬರುತ್ತಾರೆ. ಕಬ್ಬಿಗೆ ನುಗ್ಗುವ ಗವಾಗಳನ್ನು, ಅಂದರೆ ಕಾಡುಕೋಣಗಳನ್ನು, ಅಟ್ಟಣಿಗೆಯ ಮೇಲಿನಿಂದ ಕಾಯುವ ಗಡಹಿಂಗ್ಲಜ ಕಡೆಯ ರೈತರು ಬಸ್ಸಿನ ನಿರ್ವಾಹಕನ ಕೈಯಲ್ಲಿ ದುರ್ಬೀನು ಕಳಿಸುತ್ತಾರೆ. ಬಿಡಿಭಾಗಗಳು ಎಲ್ಲಿಯೂ ಸಿಗುವುದಿಲ್ಲ. ಒಂದು ಸತ್ತ ದುರ್ಬೀನಿನ ತಿರುಪು ಇನ್ನೊಂದರಲ್ಲಿ ಜೀವ ತಾಳುತ್ತದೆ.

ಒಂದು ಕೊಳವೆ ಸಾಲದೇ, ಎರಡೇಕೆ ಎಂದು ಶಾಲೆಯ ಮಾಸ್ತರನಾದ ನನ್ನಂಥವನು ಕೇಳಿದರೆ ಅವರು ಮೊದಲು ನಗುತ್ತಾರೆ. "ಮಾಸ್ತರ, ಒಂದ ಕಣ್ಣ ಮುಚಗೊಂಡ ಸೂಜ್ಯಾಗ ದಾರಾ ಪೋಣಸ್ರಿ ನೋಡೂಣು. ದಾರಾನೂ ಕಾಣತೈತಿ, ಸೂಜೀನೂ ಕಾಣತೈತಿ. ಆದ್ರ ಯಾವುದು ಮುಂದ, ಯಾವುದು ಹಿಂದ, ಅದ ತಿಳಿಯಂಗಿಲ್ಲ. ಒಂದ ನಳಿಗಿ ದೊಡ್ಡದ ಮಾಡಿ ತೋರಸತೈತ್ರಿ. ಎರಡ ನಳಿಗಿ ದೂರ ಎಷ್ಟ ಅನ್ನೂದ ಹೇಳತಾವು. ಗಡಹಿಂಗ್ಲಜದ ರೈತಗ ಗವಾ ಕಂಡ್ರ ಸಾಲದು. ಅದು ತನ್ನ ಕಬ್ಬಿನಾಗ ಐತೋ, ಆಚಿ ಕಬ್ಬಿನಾಗ ಐತೋ, ಅದ ಗೊತ್ತಾಗಬೇಕು."

ಇಷ್ಟಕ್ಕೇ ವಾದ ಮುಗಿಯುವುದಿಲ್ಲ. ಒಂದು ಕಣ್ಣು ಮುಚ್ಚಿ ನೋಡುವವನ ರೆಪ್ಪೆ ಸ್ವಲ್ಪ ಹೊತ್ತಿಗೇ ಅದುರತೊಡಗುತ್ತದೆ. ತೆರೆದ ಕಣ್ಣೂ ದಣಿಯುತ್ತದೆ. ಒಂದೇ ಕೈಯಲ್ಲಿ ಹಿಡಿದ ಕೊಳವೆ ಉಸಿರಿಗೊಮ್ಮೆ ಅಲುಗುತ್ತದೆ. ಎರಡು ಕೈ, ಎರಡು ಹುಬ್ಬುಗಳ ಆಸರೆ ಸಿಕ್ಕ ಜೋಡಿ ಕೊಳವೆ ಗಳಿಗೆಗಟ್ಟಲೆ ಕದಲದೆ ನಿಲ್ಲುತ್ತದೆ. ಮಬ್ಬುಗತ್ತಲಲ್ಲಿ ಒಂದು ಕಣ್ಣು ಕಾಣದ್ದನ್ನು ಎರಡು ಕಣ್ಣು ಕೂಡಿ ಕಾಣುತ್ತವೆ. "ದೇವರು ಎರಡ ಕಣ್ಣ ಕೊಟ್ಟಾನಂದ್ರ ಒಂದ ಉಳಿತಾಯಕ್ಕ ಕೊಟ್ಟಿಲ್ಲಲ್ರಿ" ಎಂಬುದು ಅವರ ಕೊನೆಯ ಮಾತು.

ಸತ್ಯಪ್ಪನವರ ಹುಟ್ಟೂರು ಗಡಿಯಂಚಿನ ದತ್ತವಾಡ. ತಂದೆ ಕುರಿ ಕಾಯುತ್ತಿದ್ದರು. ಹೊಳೆಯ ಬಳಿ ಕಂಡದ್ದು ನಾಯಿಯೋ ತೋಳವೋ, ಹೊಳೆಯ ಈ ಕಡೆಗೋ ಆ ಕಡೆಗೋ ಎಂದು ಹಗಲೆಲ್ಲ ಕಣ್ಣು ಕಿರಿದು ಮಾಡಿ ನಿಲ್ಲುವುದೇ ಬಾಲ್ಯದ ಪಾಠ. ಹಿಂಡು ಕರಗಿದ ಮೇಲೆ ಮಗ್ಗಕ್ಕೆ ಬಂದರು. ಜೊತೆಗಿರುವವರು ಪತ್ನಿ ಯಮುನವ್ವ ಮತ್ತು ಗಡಹಿಂಗ್ಲಜಕ್ಕೆ ಮದುವೆಯಾಗಿ ಹೋದ ಮಗಳು ಮಂಗಲಾಳ ಮಗಳು ನೂತನ. ನೂತನಳಿಗೆ ಇಲ್ಲಿಯ ಮಗ್ಗದ ಕಾರ್ಖಾನೆಯೊಂದರಲ್ಲಿ ಅರಿವೆ ತಪಾಸಿಸುವ ಕೆಲಸ. ಕೆಳಗೆ ದೀಪವಿರುವ ಗಾಜಿನ ಮೇಜಿನ ಮೇಲೆ ಅರಿವೆ ಎಳೆಯುತ್ತ, ಕಲೆ, ತಪ್ಪಿದ ಎಳೆ ಹುಡುಕುವುದು.

ನಾನು ಹೋದ ಬೆಳಗ್ಗೆ ಸತ್ಯಪ್ಪನವರು ಮೆತ್ತನೆಯ ಚಿಂದಿಯಿಂದ ಒಂದೇ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿದ್ದರು.

"ಎಡಗಡೀದ ನೋಡ್ರಿ ಮಾಸ್ತರ. ಈಗೀಗ ಯಾವ ದುರ್ಬೀನ ಬರಲಿ, ಎಡಗಡೀನ ಹೊಲಸ. ಈ ಊರ ಹತ್ತಿ ಧೂಳ ಎಡಗಡಿಂದನ ಬೀಸತೈತೋ ಏನೋ! ಬಂದವರಿಗೆಲ್ಲಾ ಬೈದ ಕಳಸಾಕತ್ತೇನಿ."

ನನಗೆ ಗೊಂದಲವಾಯಿತು. ನನ್ನ ಕಣ್ಣಿಗೆ ಎರಡು ಗಾಜುಗಳೂ ಸಮನಾಗಿ ಹೊಳೆಯುತ್ತಿದ್ದವು. ಕಸುಬುದಾರನ ಕಣ್ಣಿಗೆ ಕಂಡದ್ದೆಲ್ಲ ನಮಗೆ ಕಾಣಬೇಕೆಂದಿಲ್ಲವಲ್ಲ ಎಂದುಕೊಂಡು ಸುಮ್ಮನಾದೆ. ಅಷ್ಟರಲ್ಲಿ ಯಮುನವ್ವ ಚಹಾ ತಂದರು. ಸತ್ಯಪ್ಪನವರು ಬಟ್ಟಲಿನ ಚಹಾವನ್ನು ಬಶಿಗೆ, ಅದರಡಿಯ ಪುಟ್ಟ ತಟ್ಟೆಗೆ, ಬಗ್ಗಿಸಿದರು. ಅರ್ಧ ಬಶಿಗೆ, ಅರ್ಧ ನೆಲಕ್ಕೆ.

"ಬಶಿ ಎಲ್ಲೈತಿ, ಎಲ್ಲಿ ಸುರವಾಕತ್ತೀರಿ!" ಎಂದು ಯಮುನವ್ವ ಗದರಿದರು. "ಮುಗಿಲ ನೋಡಿ ನೋಡಿ ನೆಲಾ ಮರತಾರ್ರಿ ಇವರು. ಚಾದರ ಹಾಸಿ ಕೂಡಸೂ ವ್ಯಾಳ್ಯಾ ಬಂತು."

"ಬಶಿನ ಸರದೈತಿ" ಎಂದರು ಸತ್ಯಪ್ಪ. ಬಶಿ ಸರಿದಿರಲಿಲ್ಲ.

ಅಂದು ಅವರು ಶುಚಿಗೊಳಿಸಿದ ದುರ್ಬೀನು ಉದಗಾಂವದ ಜಿನಪಾಲರದು. ಜಿನಪಾಲರು ಹೊಲಮನೆಯುಳ್ಳ ಜೈನ ಹಿರಿಯರು; ಪಾರಿವಾಳ ಪಂದ್ಯಗಳ ಮುಖ್ಯ ಪಂಚರು. ಸತ್ಯಪ್ಪನವರು ಜೋಡಿಸಿಕೊಟ್ಟ ದುರ್ಬೀನಿನ ಹೊರತು ಬೇರೆಯದನ್ನು ಅವರು ಕೊರಳಿಗೆ ಹಾಕಿದವರಲ್ಲ. ಮುಂದಿನ ಭಾನುವಾರ ಉದಗಾಂವದಲ್ಲೇ ಪಂದ್ಯ. ಕಣದಲ್ಲಿದ್ದದ್ದು ಅದೇ ಊರಿನ ತರುಣ ವ್ಯಾಪಾರಿ ಧೀರಜನ ಪಾರಿವಾಳ. ಧೀರಜ ಮೊಬೈಲಿಗೆ ಸಿಕ್ಕಿಸುವ ಒಂಟಿ ಕೊಳವೆಯ ದುರ್ಬೀನುಗಳನ್ನು ಜಯಸಿಂಗಪುರದ ತನ್ನ ಅಂಗಡಿಯಲ್ಲಿ ಮಾರುತ್ತಾನೆ. ಪಂಚರೆಲ್ಲ ಅದನ್ನೇ ಬಳಸಲಿ, ಚಿತ್ರವೂ ಮೊಬೈಲಿನಲ್ಲಿ ಉಳಿಯುತ್ತದೆ ಎಂಬುದು ಅವನ ವಾದ. ಸತ್ಯಪ್ಪನವರು ಕಾಗಲದ ಮಾತು ತೆಗೆದರೆ ಅವನು ಎರಡೂ ಕೈ ಮುಗಿಯುತ್ತಾನೆ: "ಕಾಗಲದ ಕಥಿ ಸಾಕ ಮಾಡ್ರಿ ಕಾಕಾ. ಕೇಳಿ ಕೇಳಿ ಕಿವಿ ತೂತ ಬಿದ್ದಾವು."

ಪಂದ್ಯದ ದಿನ ನಾನೂ ಉದಗಾಂವಕ್ಕೆ ಹೋದೆ. ಬಿಸಿಲೇರುವ ತನಕ ಎಲ್ಲವೂ ಸುಗಮ. ಪಾರಿವಾಳ ಬರಿಗಣ್ಣಿಗೆ ಕಾಣದಷ್ಟು ಏರಿದ ಮೇಲೆ ಜಿನಪಾಲರು ದುರ್ಬೀನು ಎತ್ತಿದರು. ಇಳಿಸಿದರು. ಕಣ್ಣೊರೆಸಿಕೊಂಡು ಮತ್ತೆ ಎತ್ತಿದರು.

"ಧೀರಜಾ, ಎಷ್ಟ ಹಕ್ಕಿ ಬಿಟ್ಟಿ?"

"ಒಂದ ರೀ. ನಿಮ್ಮ ಮುಂದನ ಬಿಟ್ಟೇನಲ್ರಿ."

"ಮ್ಯಾಲ ಎರಡ ಅದಾವು."

ದಣಿದ ಹಕ್ಕಿಗೆ ಜೊತೆಯಾಗಲೆಂದು ಇನ್ನೊಂದನ್ನು ಗುಟ್ಟಾಗಿ ಹಾರಿಬಿಡುವುದು ಈ ಆಟದಲ್ಲಿ ದೊಡ್ಡ ಮೋಸ. ಧೀರಜನ ಮುಖ ಕೆಂಪಾಯಿತು. ಅವನು ತನ್ನ ಮೊಬೈಲನ್ನು ಮುಗಿಲಿಗೆ ಹಿಡಿದ. ಅದರಲ್ಲಿ ಒಂದೇ ಹಕ್ಕಿ. ದುರ್ಬೀನು ಕೈಯಿಂದ ಕೈಗೆ ಹೋಯಿತು. ನನ್ನ ಕೈಗೂ ಬಂತು. ನಾನೂ ನೋಡಿದೆ: ಎರಡು ಪಾರಿವಾಳ, ಒಂದರ ಪಕ್ಕ ಒಂದು, ಒಂದೇ ತಾಳದಲ್ಲಿ ರೆಕ್ಕೆ ಬಡಿಯುತ್ತಿವೆ. ಕೆಳಗಿಳಿಸಿ ಮೊಬೈಲು ನೋಡಿದೆ: ಒಂದು. ನಂಬುವುದು ಯಾವುದನ್ನು? ಗಿಡವಿಲ್ಲ, ಗೋಡೆಯಿಲ್ಲ, ಬರಿಯ ಮುಗಿಲಿನಲ್ಲಿ ಹೋಲಿಸಿ ನೋಡಲು ಬೇರೆ ಏನೂ ಇರಲಿಲ್ಲ. "ಒಂದ ಬಿಳೆ, ಇನ್ನೊಂದ ಸ್ವಲ್ಪ ಮಾಸೈತಿ" ಎಂದು ಒಬ್ಬರು ಬಣ್ಣವನ್ನೂ ಹೇಳಿಬಿಟ್ಟರು. "ಎರಡನೇದು ಹೆಣ್ಣ ಇರಬೇಕು" ಎಂದರು ಮತ್ತೊಬ್ಬರು.

ಹೊತ್ತು ಮುಳುಗುವಾಗ ಗೂಡಿಗೆ ಇಳಿದದ್ದು ಒಂದೇ ಪಾರಿವಾಳ. ಎರಡನೆಯದಕ್ಕಾಗಿ ಜನ ಸುತ್ತಲಿನ ಮಾಳಿಗೆಗಳನ್ನೆಲ್ಲ ಹುಡುಕಿದರು. ಸಿಗದಿದ್ದಾಗ ಧೀರಜ ಸಿಟ್ಟು ಮರೆತು ನಗತೊಡಗಿದ. "ನನ್ನ ಒಂದ ನಳಿಗ್ಯಾಗ ಒಂದ ಹಕ್ಕಿ. ನಿಮ್ಮ ಎರಡ ನಳಿಗ್ಯಾಗ ಎರಡ ಹಕ್ಕಿ. ನಾಕ ನಳಿಗೀದ ತರಸ್ರಿ, ಹಿಂಡ ಆಗತೈತಿ!"

ಆ ನಗು ಮಾಳಿಗೆ ಮಾಳಿಗೆ ದಾಟಿತು. ಮುಂದಿನ ಪಂದ್ಯಕ್ಕೆ ಒಂಟಿ ಕೊಳವೆಯೇ ಆಗಲಿ ಎಂದು ಹಲವರು ಅಲ್ಲೇ ಅಂದರು. ಜಿನಪಾಲರು ಮಾತ್ರ, "ಸತ್ಯಪ್ಪಣ್ಣನ ಕೇಳದ ಯಾವ ಮಾತೂ ಬ್ಯಾಡ" ಎಂದು ತಡೆದರು.

ಮರುದಿನ ಬೆಳಗಿನ ಜಾವ ಜಿನಪಾಲರೂ ಧೀರಜನೂ ನನ್ನನ್ನೂ ಕರೆದುಕೊಂಡು ದುರ್ಬೀನು ಹಿಡಿದು ಇಚಲಕರಂಜಿಯ ಮಾಳಿಗೆ ಹತ್ತಿದರು. ಸತ್ಯಪ್ಪನವರು ಅದನ್ನು ಕವೆಗೆ ಕಟ್ಟಿ, ಚಿಮಣಿಯತ್ತ ತಿರುಗಿಸಿ, ನೋಡಿದರು.

"ಒಂದ ಐತಿ" ಎಂದರು. "ಚೊಕ್ಕ ಐತಿ."

ಜಿನಪಾಲರು ನೋಡಿದರು. "ಎರಡ."

ಧೀರಜ ನೋಡಿದ. "ಎರಡ ರೀ ಕಾಕಾ."

ಸತ್ಯಪ್ಪನವರು ಮತ್ತೆ ನೋಡಿದರು. "ಒಂದ ಐತಿ! ಮುಂಜಾನೆದ್ದ ಏನ ಕುಡದ ಬಂದೀರಿ ಇಬ್ರೂ?"

"ಉಳ್ಳಾಗಡ್ಡಿನೂ ಮುಟ್ಟದಾಂವ ನಾ" ಎಂದು ಜಿನಪಾಲರು ರೇಗಿದರು. "ನನಗ ಕುಡದಿ ಅಂತೀ ಏನೋ!"

ಯಮುನವ್ವ ಸೆರಗಿನಿಂದ ಕೈ ಒರೆಸಿಕೊಂಡು ಬಂದು ನೋಡಿದರು. "ಎರಡ ಅದಾವಲ್ರಿ" ಎಂದರು ಮೆಲ್ಲಗೆ. ನಾನೂ ಎರಡನ್ನೇ ಕಂಡೆ. ಊರಿಗೆಲ್ಲ ಎರಡಾದ ಚಿಮಣಿ, ಅದನ್ನು ಜೋಡಿಸಿದವರಿಗೆ ಮಾತ್ರ ಒಂದು. ಸತ್ಯಪ್ಪನವರು ನಮ್ಮೆಲ್ಲರ ಮುಖ ನೋಡಿದರು, ಚಿಮಣಿಯನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು. "ಎಲ್ಲಾರೂ ಕೂಡಿ ನನಗ ಹುಚ್ಚ ಹಿಡಸಾಕತ್ತೀರಿ" ಎಂದರು.

ಕೆಲಸಕ್ಕೆ ಹೊರಟು ನಿಂತಿದ್ದ ನೂತನ ಮೆಟ್ಟಿಲ ಬಳಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಅವಳು ಬಂದು ಟ್ಯೂಬು ಬಿಚ್ಚಿ ದುರ್ಬೀನನ್ನು ಕೈಗೆ ತೆಗೆದುಕೊಂಡಳು.

"ಅಜ್ಜಾ, ಇದನ್ನ ಯಾಕ ಬಿಚ್ಚಿದ್ದಿ?"

"ಎಡಗಡೀ ಗಾಜ ಹೊಲಸ ಇತ್ತವಾ. ಬಿಚ್ಚಿ ಒರಸಿ ಕೂಡಸಿದ್ನಿ. ಇನ್ನೂ ಹೋಗಿಲ್ಲ ನೋಡ ಅದು."

ಅರಿವೆ ತಪಾಸಿಸುವವರಿಗೆ ಮೊದಲ ದಿನ ಕಲಿಸುವುದೊಂದು ಉಪಾಯ. ಕಲೆ ಕಂಡರೆ ಅರಿವೆಯನ್ನು ಸ್ವಲ್ಪ ಎಳೆಯಬೇಕು. ಕಲೆ ಅರಿವೆಯ ಜೊತೆ ಸರಿದರೆ ಅದು ಅರಿವೆಯದು. ಇದ್ದಲ್ಲೇ ಇದ್ದರೆ ಮೇಜಿನ ಗಾಜಿನದು. ನೂತನ ದುರ್ಬೀನನ್ನು ಮೇಲುಕೆಳಗಾಗಿ ಹೊರಳಿಸಿ ಅಜ್ಜನ ಕಣ್ಣಿಗಿಟ್ಟಳು.

"ಈಗ ಹೇಳ. ಯಾವ ಕಡಿ ಹೊಲಸ ಐತಿ?"

"ಎಡಗಡೀನ."

"ಅಜ್ಜಾ, ಮೊದಲ ಎಡಕ್ಕಿದ್ದ ನಳಿಗಿ ಈಗ ಬಲಕ್ಕೈತಿ."

ಅವಳು ತನ್ನ ಅಂಗೈಯಿಂದ ಅಜ್ಜನ ಬಲಗಣ್ಣನ್ನು ಮೆತ್ತಗೆ ಮುಚ್ಚಿ, "ನಾ ಕಾಣತೇನೇನು?" ಎಂದಳು. ಸತ್ಯಪ್ಪನವರು ಎಡಗಣ್ಣು ತೆರೆದೇ ನಿಂತರು. "ಮಂಜ ಬಿದ್ದೈತಿ" ಎಂದರು. ಬೇಸಗೆಯ ಬೆಳಗು, ಮಂಜಿನ ಸುಳಿವೂ ಇರಲಿಲ್ಲ.

ಎಡಗಣ್ಣಿಗೆ ಪೊರೆ ಬಂದಿತ್ತು. ಮೆಲ್ಲಮೆಲ್ಲನೆ ಬಂದದ್ದರಿಂದ ಅವರಿಗೇ ತಿಳಿದಿರಲಿಲ್ಲ. ಕಣ್ಣಿನೊಳಗಿನ ಮಸುಕನ್ನು ಗಾಜಿನ ಮೇಲಿನ ಧೂಳೆಂದು ಬಗೆದು ಶುದ್ಧವಿದ್ದ ಗಾಜನ್ನು ಬಿಚ್ಚಿದರು, ತಪ್ಪಾಗಿ ಕೂಡಿಸಿದರು, ಒಂದೇ ಕಣ್ಣಿನಿಂದ ನೋಡಿ ಒಂದೇ ಚಿಮಣಿ ಕಂಡು ಸರಿಯಾಗಿದೆ ಎಂದುಕೊಂಡರು. ಬಶಿ ತಪ್ಪಿ ಚೆಲ್ಲಿದ ಚಹಾದ ಅರ್ಥವೂ ಆಗ ನಮಗೆ ಹೊಳೆಯಿತು.

ಶಸ್ತ್ರಕ್ರಿಯೆಯ ಮಾತೆತ್ತಿದರೆ ಸತ್ಯಪ್ಪನವರು ಕಿವಿಗೊಡಲಿಲ್ಲ. ಕಣ್ಣಿಗೆ ಚಾಕು ಹಾಕಿಸಿಕೊಂಡು ಇದ್ದದ್ದೂ ಹೋದರೆ? "ಬಲಗಣ್ಣ ಗಟ್ಟಿ ಐತಿ. ಆ ನಳಿಗೀಲೆ ಒಮ್ಮೆ, ಈ ನಳಿಗೀಲೆ ಒಮ್ಮೆ ನೋಡಿ ಜೋಡಸತೇನಿ. ಒಂದ ಕಣ್ಣ ಸಾಕ."

"ಒಂದ ಸಾಕಂದ್ರ ಧೀರಜಣ್ಣಂದೂ ಖರೇನ ಆತಲ್ಲ ಅಜ್ಜಾ" ಎಂದಳು ನೂತನ. "ಕಾಗಲದಾಗ ಆ ಪಂಚರೂ ಒಂದರಾಗನ ನೋಡಿ ಗಿಡಗ ಒಯ್ತು ಅಂದಿದ್ರು."

ಸತ್ಯಪ್ಪನವರು ದುರ್ಬೀನನ್ನು ಟವೆಲಿನಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟರು. "ಇದನ್ನ ಯಾರೂ ಮುಟ್ಟಬ್ಯಾಡ್ರಿ. ಬಂದ ನೋಡತೇನಿ" ಎಂದರು. ಎಲ್ಲಿಂದ ಬಂದು ಎಂದು ಯಾರೂ ಕೇಳಲಿಲ್ಲ. ಮೂರನೆಯ ದಿನ ಅವರನ್ನು ಕೊಲ್ಹಾಪುರದ ಆಸ್ಪತ್ರೆಗೆ ತನ್ನ ವಾಹನದಲ್ಲಿ ಕರೆದೊಯ್ದವನು ಧೀರಜ. ದಾರಿಯುದ್ದಕ್ಕೂ ಸತ್ಯಪ್ಪನವರು ಒಂದು ಮಾತನ್ನೂ ಆಡಲಿಲ್ಲವಂತೆ. ಕಾಗಲದ ಕಥೆಯನ್ನು ಕೂಡ.

ಮಳೆ ಹಿಡಿಯುವ ಮುಂಚೆ ನಾನು ಮತ್ತೊಮ್ಮೆ ಆ ಮಾಳಿಗೆ ಹತ್ತಿದೆ. ವೈದ್ಯರು ಹೇಳಿದ ಪಥ್ಯದ ದಿನಗಳು ಮುಗಿದಿವೆ. ಸತ್ಯಪ್ಪನವರ ಕರಿಯ ಕನ್ನಡಕ ಅಂಗಿಯ ಜೇಬಿಗೆ ಇಳಿದಿದೆ. ಜಿನಪಾಲರೂ ಧೀರಜನೂ ಬಂದಿದ್ದಾರೆ. ನೂತನ ಅರ್ಧ ದಿನದ ರಜೆ ಕೇಳಿದ್ದಾಳೆ. ಬಟ್ಟಲಿನ ಚಹಾ ಬಶಿಗೆ ಬೀಳುತ್ತದೆ, ಒಂದು ಹನಿಯೂ ಹೊರಗಿಲ್ಲ. ಯಮುನವ್ವ ಅದನ್ನು ನೋಡಿಯೂ ನೋಡದವರಂತೆ ಮುಖ ತಿರುಗಿಸುತ್ತಾರೆ.

ಗೂಡಿನಿಂದ ದುರ್ಬೀನು ಹೊರಬರುತ್ತದೆ. ಅಂದು ಬಿಟ್ಟಂತೆಯೇ ಇದೆ. ಸತ್ಯಪ್ಪನವರು ಅದನ್ನು ಕವೆಗೆ ಕಟ್ಟಿ, ಎರಡೂ ಕಣ್ಣಿಟ್ಟು, ಉಸಿರು ಬಿಗಿಹಿಡಿದು ನೋಡುತ್ತಾರೆ.

"ಎರಡ!" ಎಂದು ಕೂಗುತ್ತಾರೆ. "ಏ ನೂತನಾ, ಎರಡ ಅದಾವು! ಜಿನಪಾಲಣ್ಣಾ, ಎರಡ ಚಿಮಣಿ!"

ತಾವೇ ಮಾಡಿದ ತಪ್ಪು ಕಣ್ಣಿಗೆ ಬಿದ್ದುದಕ್ಕೆ ಇಷ್ಟು ಹಿಗ್ಗಿದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು ಮತ್ತೆ ಮತ್ತೆ ನೋಡುತ್ತಾರೆ, ಎಣಿಸುತ್ತಾರೆ, ನಗುತ್ತಾರೆ. "ಉಳ್ಳಾಗಡ್ಡಿ ತಿನ್ನದವರ ಮಾತ ಖರೇ ಆತು ನೋಡಪಾ" ಎಂದು ಜಿನಪಾಲರು ಚುಚ್ಚುತ್ತಾರೆ.

ಆಮೇಲೆ ಸತ್ಯಪ್ಪನವರು ತಿರುಪುಳಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಕೂದಲೆಳೆಯಷ್ಟು ತಿರುಗಿಸುವುದು, ನೋಡುವುದು. ಮತ್ತಷ್ಟು ತಿರುಗಿಸುವುದು, ನೋಡುವುದು. ಬಿಸಿಲು ಕಟ್ಟೆಗೆ ಬರುತ್ತದೆ. ಚಿಮಣಿಯಿಂದ ಹೊಗೆಯೇಳುವ ಹಂಗಾಮು ಇದಲ್ಲ. ಅದರ ಅಂಚು ಕೊರೆದಿಟ್ಟಂತಿದೆ. ಕೊನೆಗೆ ಅವರ ಕೈ ನಿಲ್ಲುತ್ತದೆ. ಅವರು ಪಕ್ಕಕ್ಕೆ ಸರಿದು ಧೀರಜನತ್ತ ಕೈ ತೋರುತ್ತಾರೆ.

ಧೀರಜ ಬಗ್ಗಿ ನೋಡುತ್ತಾನೆ. ಚಿಮಣಿಯ ಮೇಲೆ ಒಂದು ಹದ್ದು ಸುತ್ತುತ್ತಿದೆ; ಆಚೆ ಓಣಿಯ ಯಾರದೋ ಪಾರಿವಾಳ ಮೇಲೇಳುತ್ತಿದೆ. ಅವನು ಬಹಳ ಹೊತ್ತು ತಲೆ ಎತ್ತುವುದಿಲ್ಲ. ಜೇಬಿನ ಮೊಬೈಲು ಎರಡು ಸಲ ಸದ್ದು ಮಾಡುತ್ತದೆ. ಅವನು ಅದನ್ನು ಮುಟ್ಟುವುದಿಲ್ಲ.

"ಹದ್ದ ಎಲ್ಲೈತಿ?" ಎಂದು ಸತ್ಯಪ್ಪನವರು ಕೇಳುತ್ತಾರೆ.

"ಹಿಂದ ಐತ್ರಿ. ಚಿಮಣಿಗಿಂತನೂ ಹಿಂದ."

"ಪಾರಿವಾಳ?"

"ಮುಂದ. ಭಾಳ ಮುಂದ."

ಸತ್ಯಪ್ಪನವರು ಕಟ್ಟೆಗೊರಗಿ ಕುಳಿತು ಬಶಿಯ ತಳದಲ್ಲಿ ಉಳಿದ ಚಹಾವನ್ನು ಹೀರುತ್ತಾರೆ. ಧೀರಜ ದುರ್ಬೀನಿನಿಂದ ಕಣ್ಣು ತೆಗೆಯದೆಯೇ ಒಂದು ಕೈ ಹಿಂದಕ್ಕೆ ಚಾಚಿ ಅವರ ಮೊಣಕಾಲು ಮುಟ್ಟುತ್ತಾನೆ.

"ಕಾಕಾ, ಆ ಕಾಗಲದ್ದು ಇನ್ನೊಮ್ಮೆ ಹೇಳ್ರಿ."